ಒಂದು ರೇಕು ಹೆಚ್ಚಾದಾಗ

"ಕೇಳಿರಪ್ಪೋ ಕೇಳಿ! ಹೊಂಬೆಟ್ಟದ ದೊರೆ ವೀರಕಾಂತ ಮಹಾರಾಜರ ಅಪ್ಪಣೆ! ಸ್ವರ್ಗಸ್ಥ ಮಂತ್ರಿಗಳು ಪೆಟ್ಟಿಗೆಯಲ್ಲಿಟ್ಟು ಹೋದ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದನ್ನು ಕೊಡಲಾಗುವುದು. ತಪ್ಪಿದವರ ತಲೆ ಹುಣ್ಣಿಮೆಯ ದಿನ ಹಾರುವುದು!"

ಡಂಗುರ ಕೇಳಿದವರೆಲ್ಲ ಅರಮನೆಗೆ ಓಡಿದರು. ಕೊನೆಯ ಮಾತು ಯಾರ ಕಿವಿಗೂ ಬಿದ್ದಂತಿರಲಿಲ್ಲ.

"ದಪ್ಪಗಿದ್ದಾಗ ಅಡ್ಡ ಮಲಗುತ್ತಾನೆ, ತೀರಾ ತೆಳ್ಳಗಾದರೆ ನೆಟ್ಟಗೆ ನಿಲ್ಲುತ್ತಾನೆ. ಯಾರವನು?" ಎಂದು ದೊರೆ ಕೇಳಿದ. ಪಕ್ಕದ ರಾಜ್ಯದ ರಾಜಕುಮಾರ "ಹೆಬ್ಬಾವು" ಎಂದು ಸೆರೆಮನೆ ಸೇರಿದ. ರೇಷ್ಮೆ ವ್ಯಾಪಾರಿಯೊಬ್ಬ "ನನ್ನ ಭಾವಮೈದುನ" ಎಂದ. ಅದು ಸುಳ್ಳಲ್ಲದಿರಬಹುದು, ಆದರೆ ಪೆಟ್ಟಿಗೆಯ ಓಲೆಯಲ್ಲಿ ಹಾಗೆ ಬರೆದಿರಲಿಲ್ಲ.

ಆಮೇಲೆ ಬಂದವನು ಚೆನ್ನಾಚಾರಿ. ಲೋಹವನ್ನು ಉಸಿರಿಗೆ ಹಾರುವಷ್ಟು ತೆಳ್ಳಗೆ ಬಡಿದು ರೇಕು ಮಾಡುವುದು ಅವನ ಕಸುಬು. ಕಬ್ಬಿಣದ ರೇಕಿಗೆ ಸೂಜಿಗಲ್ಲಿನ ಗುಣ ಹಿಡಿಸುವುದೂ ಅವನಿಗೆ ಗೊತ್ತಿತ್ತು.

"ಕಬ್ಬಿಣದ ರೇಕಿನ ಸೆಳೆತ, ಬುದ್ಧಿ. ರೇಕು ದಪ್ಪಗಿದ್ದರೆ ಸೆಳೆತ ಅದರ ಉದ್ದಕ್ಕೆ ಮಲಗಿರುತ್ತೆ. ತೀರಾ ತೆಳ್ಳಗೆ ಬಡಿದರೆ ಎದ್ದು ಮೇಲಕ್ಕೆ ಮುಖ ಮಾಡುತ್ತೆ."

ಸಭೆ ಭೇಷ್ ಎಂದಿತು. ದೊರೆ ಎರಡನೆಯದನ್ನು ಕೇಳಿದ: "ಇಬ್ಬರು ಅಣ್ಣತಮ್ಮಂದಿರ ನಡುವೆ ಒಂದು ಗೋಡೆ. ಇಬ್ಬರೂ ಒಂದೇ ದಿಕ್ಕಿಗೆ ನೋಡುತ್ತಾರೆ. ಗೋಡೆ ತುಸು ದಪ್ಪವಾದರೆ ಒಬ್ಬ ತಿರುಗಿ ನಿಲ್ಲುತ್ತಾನೆ. ಇನ್ನೂ ದಪ್ಪವಾದರೆ ಮತ್ತೆ ಒಂದೇ ದಿಕ್ಕು. ಯಾರವರು?"

ಚೆನ್ನಾಚಾರಿ ನಕ್ಕುಬಿಟ್ಟ. "ಗೋಡೆ ದಪ್ಪವಾದಷ್ಟೂ ಮನಸ್ಸು ದೂರ, ಬುದ್ಧಿ. ಮತ್ತೆ ಒಂದಾಗೋರು ಲೋಕದಲ್ಲೇ ಇಲ್ಲ!"

ಅವನ ಕೈಗೂ ಕೋಳ ಬಿತ್ತು.

ಸುದ್ದಿ ಕೇಳಿ ಮಗಳು ಕಾಳಮ್ಮ ಎದ್ದು ಬಿದ್ದು ಅರಮನೆಗೆ ಬಂದಳು. ಹಿಂದಿನ ವರ್ಷ ಅವಳು ಎರಡು ಕಬ್ಬಿಣದ ರೇಕುಗಳ ನಡುವೆ ಮರೆತು ಒಂದು ಚಿನ್ನದ ರೇಕು ಹೆಚ್ಚಿಗೆ ಇಟ್ಟಿದ್ದಳು. ಸೆಳೆತ ಪರೀಕ್ಷಿಸಲು ನೀರಿನಲ್ಲಿ ತೇಲಿಬಿಟ್ಟ ಸೂಜಿಯ ಹತ್ತಿರ ಆ ಕಟ್ಟನ್ನು ತಂದರೂ ಸೂಜಿ ಅಲುಗಲಿಲ್ಲ. "ಕಬ್ಬಿಣ ಸಾಯಿಸಿದೆಯಲ್ಲೇ, ಕೈಗೆಟ್ಟವಳೇ!" ಎಂದು ಅಪ್ಪ ಅವಳ ಸುತ್ತಿಗೆ ಕಿತ್ತುಕೊಂಡಿದ್ದ. ಅವಳಿಗೆ ಸಿಟ್ಟು ಬಂದಿತ್ತು, ಆದರೆ ಆ ಕೆಟ್ಟ ಕಟ್ಟನ್ನು ಅವಳು ಎಸೆಯಲಿಲ್ಲ. ಈಗ ಅದು, ಇನ್ನೊಂದು ಚಿನ್ನದ ರೇಕಿನ ಜೊತೆ, ಸೆರಗಿನಲ್ಲಿತ್ತು.

"ಬುದ್ಧಿ, ಅಪ್ಪ ಬಿಟ್ಟ ಒಗಟು ನಾನು ಬಿಡಿಸ್ತೀನಿ. ಒಂದು ಬಟ್ಟಲು ನೀರು, ತೇಲೋ ಸೂಜಿ ಕೊಡಿಸಿ."

ಕಟ್ಟು ಬಿಚ್ಚಿ, ಕಬ್ಬಿಣದ ಎರಡು ರೇಕುಗಳ ನಡುವೆ ಒಂದೇ ಚಿನ್ನದ ರೇಕಿಟ್ಟು ಸೂಜಿಯ ಹತ್ತಿರ ತಂದಳು. ಸೂಜಿ ಗಿರ್ರನೆ ತಿರುಗಿತು. ಎರಡು ರೇಕಿಟ್ಟಳು. ಸೂಜಿ ಕದಲಲಿಲ್ಲ. ಕೋಳ ತೊಟ್ಟ ಚೆನ್ನಾಚಾರಿ ಕಣ್ಣು ಮುಚ್ಚಿಕೊಂಡ. ಅವಳು ಬಿದಿರಿನ ಕಡ್ಡಿಯಿಂದ ಮೂರನೆಯದನ್ನೂ ಹಾಸಿದಳು. ಸೂಜಿ ಮತ್ತೆ ಗಿರ್ರನೆ ತಿರುಗಿತು!

"ಅಣ್ಣತಮ್ಮಂದಿರು ಕಬ್ಬಿಣದ ರೇಕುಗಳು, ಗೋಡೆ ಚಿನ್ನದ್ದು. ಒಬ್ಬ ಹಿಂದಕ್ಕೆ ತಿರುಗಿದಾಗ ಇಬ್ಬರ ಸೆಳೆತವೂ ಒಂದಕ್ಕೊಂದು ವಜಾ ಆಗುತ್ತೆ, ಸೂಜಿಗೆ ಏನೂ ತಾಕಲ್ಲ. ಕಬ್ಬಿಣ ಸತ್ತಿರಲಿಲ್ಲ ಬುದ್ಧಿ."

ದೊರೆ ಸಿಂಹಾಸನದ ತುದಿಗೆ ಬಂದು ಕೂತಿದ್ದ. "ಕೊನೆಯದು. ಒಂಟಿಯಾಗಿದ್ದರೆ ತುಸು ಬಿಸಿಗೇ ಬಲ ಬಿಟ್ಟುಕೊಡುತ್ತಾನೆ, ತನ್ನವರ ಜೊತೆ ಸಾಲಾಗಿ ಕೂತರೆ ಅದೇ ಬಿಸಿಯಲ್ಲಿ ಗಟ್ಟಿಯಾಗಿರುತ್ತಾನೆ. ಯಾರು?"

ಕಾಳಮ್ಮ ಅಪ್ಪನ ಕಡೆ ನೋಡಿ ಹೇಳಿದಳು:

"ಎಲ್ಲಕ್ಕಿಂತ ತೆಳ್ಳಗಿನ ರೇಕು, ಬುದ್ಧಿ. ಒಂಟಿಯಾಗಿದ್ದರೆ ಅಂಗೈ ಬಿಸಿಗೇ ಸೆಳೆತ ಹೋಗುತ್ತೆ. ಒಂದರ ಮೇಲೊಂದು ಜೋಡಿಸಿದರೆ ಒಂದನ್ನೊಂದು ಹಿಡಿದು ನಿಲ್ಲಿಸುತ್ತವೆ."

ಓಲೆಯ ಜೊತೆ ತಾಳೆ ನೋಡಿದರು. ಮೂರಕ್ಕೆ ಮೂರೂ ಸರಿ! ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು.

"ಏನು ಬೇಕು ಕೇಳಮ್ಮ" ಎಂದ ದೊರೆ.

"ಸೆರೆಯಲ್ಲಿರೋರ ತಲೆಗಳೆಲ್ಲ ಅವರವರ ಕತ್ತಿನ ಮೇಲೇ ಇರಲಿ, ಬುದ್ಧಿ. ನನಗೆ ನನ್ನ ಸುತ್ತಿಗೆ ಸಾಕು."

ದೊರೆ ಎಲ್ಲರನ್ನೂ ಬಿಡಿಸಿದ, ಕಾಳಮ್ಮನನ್ನು ಅರಮನೆಯ ರೇಕುಶಾಲೆಗೆ ಯಜಮಾನಿ ಮಾಡಿದ. ಮರುದಿನ ಬೆಳಿಗ್ಗೆ ಚೆನ್ನಾಚಾರಿ ಸುತ್ತಿಗೆಯನ್ನು ಒರೆಸಿ ಮಗಳ ಮುಂದಿಟ್ಟ. ಕಬ್ಬಿಣದ ರೇಕು ಹಾಸಿ, ಚಿನ್ನದ ರೇಕುಗಳನ್ನು ಕೈಗೆತ್ತಿಕೊಂಡು ಕೇಳಿದ:

"ಎಷ್ಟು ಹಾಕ್ಲಿ, ಹೇಳವ್ವಾ?"