ಹಾಡುಗಾರ ಏನೆಂದು ಕೂಗಬೇಕು?

“ಗುರುಗಳೇ, ನನ್ನ ಹಾಡುಗಳ ಮ್ಯಾಲೆ ಏನಂತ ಬರೀಲಿ? ಅವು ಏನ ಅದಾವೋ ಅದನ್ನ ಬರೀಲೋ, ಮಂದಿ ಏನ ಹುಡುಕತಾರೋ ಅದನ್ನ ಬರೀಲೋ?”

ಹೀಗೆ ಕೇಳಿದವಳು ನೀಲಗಂಗಾ. ಚೆನ್ನಮಲ್ಲಯ್ಯ ಮಾಸ್ತರರ ಬಳಿ ಅವಳು ಹಾಡಿಕೆ ಕಲಿಯುತ್ತಿದ್ದಳು. ಕಲಿಯುವುದರ ಜೊತೆಗೆ ಅಂತರ್ಜಾಲದಲ್ಲಿ ಒಂದು ಸಂಗೀತದ ಬ್ಲಾಗ್ ನಡೆಸುತ್ತಿದ್ದಳು. ಸುತ್ತಲಿನ ಊರುಗಳ ಹೆಂಗಸರು ಮನೆಯೊಳಗೆ ಹಾಡಿಕೊಳ್ಳುವ ಹಾಡುಗಳನ್ನು ಫೋನಿನಲ್ಲಿ ಹಿಡಿದು ತಂದು, ಸಾಲು ಸಾಲಾಗಿ ಬರೆದು, ಅದನ್ನು ಯಾವ ಕೆಲಸದ ಹೊತ್ತಿಗೆ ಹಾಡುತ್ತಾರೆ ಎಂದು ಚೂರು ವಿವರಿಸಿ ಅಲ್ಲಿ ಹಾಕುತ್ತಿದ್ದಳು. ವರ್ಷಗಟ್ಟಲೆ ಜೀವ ತೇಯ್ದು ಮಾಡಿದ ಕೆಲಸ ಅದು. ಕೇಳುವವರು ಮಾತ್ರ ಇರಲಿಲ್ಲ ಎಂದರೂ ನಡೆದೀತು.

ಜನ ಏನಾದರೂ ಬೇಕೆಂದರೆ ಒಂದೆರಡು ಶಬ್ದ ಒತ್ತಿ ಹುಡುಕುತ್ತಾರೆ. ಅದೇ ಶಬ್ದ ನಮ್ಮ ಬರಹದ ಮೇಲೂ ಇದ್ದರೆ ಅವರು ನಮ್ಮಲ್ಲಿಗೆ ಬಂದು ಮುಟ್ಟುತ್ತಾರೆ. ಕೀವರ್ಡ್ ಎಂದರೆ ಇಷ್ಟೇ. ನೀಲಗಂಗಾ ಮೊದಲು ತಾನು ಪಾಠದಲ್ಲಿ ಕಲಿತ ಶಬ್ದಗಳನ್ನೇ ಹಾಕಿದ್ದಳು. ರಾಗದ ಹೆಸರು, ತಾಳದ ಹೆಸರು, ಛಂದಸ್ಸಿನ ಹೆಸರು. ನೊಣವೂ ಹಾಯಲಿಲ್ಲ. ಆಮೇಲೆ ಅವಳ ಚಿಕ್ಕಪ್ಪನ ಮಗಳು ಒಂದು ಉಪಾಯ ಹೇಳಿಕೊಟ್ಟಳು. ಈಗ ಎಲ್ಲರೂ ಏನು ಹುಡುಕುತ್ತಿದ್ದಾರೆ ಎಂದು ನೋಡಿ, ಆ ಶಬ್ದಗಳನ್ನೇ ತಂದು ಅಂಟಿಸಬೇಕು ಎಂದಳು. ಅದರಂತೆ ನೀಲಗಂಗಾ ಒಂದು ಬೀಸುಕಲ್ಲಿನ ಹಾಡಿನ ಮೇಲೆ ‘ಮದುವೆ ಡಿಜೆ’, ‘ಹೊಸ ರಿಂಗ್‌ಟೋನ್’ ಎಂದೆಲ್ಲ ಹಾಕಿ ನೋಡಿದಳು. ಜನ ಮುಗಿಬಿದ್ದರು. ಬಂದಷ್ಟೇ ಬೇಗ ಹೋದರು ಅನ್ನುವುದು ಬೇರೆ ಮಾತು. ಒಬ್ಬ ಮಾತ್ರ ‘ಡಿಜೆ ಎಲ್ಲಿ?’ ಎಂದು ಬರೆದು ಹೋಗಿದ್ದ.

ಆದರೂ ಬಂದರಲ್ಲ ಎಂಬುದು ಅವಳ ತಲೆಯಲ್ಲಿ ಕೂತುಬಿಟ್ಟಿತು. ಎಲ್ಲ ಹಾಡುಗಳ ಮೇಲೂ ಅದೇ ಶಬ್ದ ಹಾಕಬೇಕು, ಇಲ್ಲವೇ ಬ್ಲಾಗಿಗೆ ಬೀಗ ಜಡಿಯಬೇಕು ಎಂದು ಮನಸ್ಸು ಮಾಡಿಕೊಂಡೇ ಅವಳು ಮಾಸ್ತರರ ಮುಂದೆ ಕೂತಿದ್ದಳು. ಯಾರೂ ಇಲ್ಲದ ಪಡಸಾಲೆಯಲ್ಲಿ ಹಾಡುತ್ತ ಕೂರುವುದು ಅವಳಿಗೆ ಸಾಕಾಗಿತ್ತು. ಮನಸ್ಸು ಮಾಡಿಕೊಂಡು ಬಂದವರೇ ಹೆಚ್ಚಾಗಿ ಗುರುಗಳ ಸಲಹೆ ಕೇಳುವುದು.

ಮಾಸ್ತರರು ತಂಬೂರಿಯನ್ನು ಗೋಡೆಗೆ ಒರಗಿಸಿದರು. ಕತೆ ಹೇಳತೊಡಗಿದರು.

ಒಬ್ಬ ಹಾಡುಗಾರನಿದ್ದ. ಸುಗ್ಗಿ ಮುಗಿದ ಮೇಲೆ ಊರೂರು ತಿರುಗಿ ಹಾಡುವುದು ಅವನ ವೃತ್ತಿ. ಅವನ ಸೀಮೆಯಲ್ಲಿ ಹಾಡುಗಾರರಿಗೆ ಒಂದು ಕಟ್ಟಳೆ ಇತ್ತು. ಬೀದಿಯಲ್ಲಿ ನಿಂತು ಹಾಡುವಂತಿಲ್ಲ. ಹಾಡು ಮನೆಯೊಳಗಿನದು, ಕರೆದವರ ಪಡಸಾಲೆಯಲ್ಲಿ ಕೂತೇ ಹಾಡಬೇಕು. ಓಣಿಯ ಬಾಯಲ್ಲಿ ನಿಂತು ತನ್ನ ಬಳಿ ಎಂಥ ಹಾಡಿದೆ ಎಂದು ಕೂಗಬಹುದು, ಅಷ್ಟೇ. ಬೇಕಾದವರು ಕದ ತೆರೆದು ಕರೆಯುತ್ತಾರೆ. ಕರೆಯದಿದ್ದರೆ ಅವನು ಮುಂದಿನ ಓಣಿಗೆ ನಡೆಯಬೇಕು. ಗಂಟಲೊಳಗೆ ಎಂಥ ಹಾಡಿದ್ದರೂ ಕೂಗು ಸರಿಯಿಲ್ಲದಿದ್ದರೆ ಅವನಿಗೆ ಉಪವಾಸವೇ ಗತಿ.

ಈ ಹಾಡುಗಾರನಿಗೆ ಅವನ ಗುರು ಬೇಕಾದಷ್ಟು ಹಾಡು ಕೊಟ್ಟಿದ್ದ. ತೊಟ್ಟಿಲ ಹಾಡಿತ್ತು, ಕುಟ್ಟುವ ಹಾಡಿತ್ತು, ಮುನಿಸಿಕೊಂಡ ಗಂಡಹೆಂಡಿರನ್ನು ಒಂದು ಮಾಡುವ ಹಾಡೂ ಇತ್ತು. ಗುರು ಕೊಟ್ಟ ಹೆಸರನ್ನು ಬಿಡಬಾರದೆಂಬ ನಿಷ್ಠೆ ಅವನದು. ಓಣಿಯ ಬಾಯಲ್ಲಿ ನಿಂತು, ಭೈರವಿ ಇದೆ, ತ್ರಿಪದಿ ಇದೆ, ಮಧ್ಯಲಯದ ಕಟ್ಟು ಇದೆ ಎಂದು ಕೂಗುತ್ತಿದ್ದ. ಜನ ಕಿವಿಗೊಟ್ಟು ಕೇಳಿ ತಮ್ಮ ಪಾಡಿಗೆ ತಾವಿರುತ್ತಿದ್ದರು. ಒಂದೂರಿನಲ್ಲಿ ಒಬ್ಬ ಮುದುಕ ಅವನನ್ನು ನಿಲ್ಲಿಸಿ, ಭೈರವಿ ಎಂಬ ಬೀಜ ಎರೆಭೂಮಿಯಲ್ಲಿ ಬೆಳೆದೀತೇ ಎಂದು ವಿಚಾರಿಸಿದ. ಹಾಡುಗಾರನಿಗೆ ನಗು ಬರಲಿಲ್ಲ. ಹಸಿದವನಿಗೆ ಹಾಸ್ಯ ರುಚಿಸುವುದಿಲ್ಲ.

ಒಂದು ದಿನ ಹಾಳು ಮಂಟಪದಲ್ಲಿ ಬಿಸಿಲು ಕಳೆಯುತ್ತಿದ್ದಾಗ ಒಬ್ಬ ಬಳೆಗಾರ ಜೊತೆಯಾದ. ಹಾಡುಗಾರ ತನ್ನ ಗೋಳು ತೋಡಿಕೊಂಡ. ಬಳೆಗಾರ ಊರು ಬಲ್ಲವನು. ಇದು ಮದುವೆಯ ಕಾಲ, ಮದುವೆ ಹಾಡು ಅಂತ ಕೂಗು, ಒಳಗೆ ಹೋದ ಮೇಲೆ ನಿನಗೆ ಬಂದದ್ದು ಹಾಡು, ಎಂದು ಬುದ್ಧಿ ಹೇಳಿದ. ಹಾಡುಗಾರನ ಬಳಿ ಮದುವೆ ಹಾಡು ಇದ್ದದ್ದೇ ಎರಡು, ಅವೂ ಅರ್ಧಂಬರ್ಧ. ಆದರೂ ಮಾರನೆಯ ದಿನ ಹೊಸ ಊರನ್ನು ಹೊಕ್ಕು, ‘ಮದುವೆ ಹಾಡು’ ಎಂದು ಕೂಗಿದ.

ಕದಗಳು ಪಟಪಟನೆ ತೆರೆದವು. ಈ ಮನೆಯಲ್ಲಿ ಕರೆದರು, ಆ ಮನೆಯಲ್ಲಿ ಕರೆದರು. ಎರಡು ಹಾಡು ಮುಗಿಯುತ್ತಲೇ ಅವನು ಮೆಲ್ಲಗೆ ತೊಟ್ಟಿಲ ಹಾಡಿಗೆ ಇಳಿಯಲು ನೋಡಿದ. ಹುಡುಗಿಯರು ಆಕಳಿಸಿದರು. ಬೀಗರನ್ನು ಗೇಲಿ ಮಾಡುವ ಹಾಡು ಬರುತ್ತದೆಯೇ ಎಂದು ಕೇಳಿದರು. ಬರುವುದಿಲ್ಲ ಎಂದರೆ ಊಟ ತಪ್ಪುತ್ತದೆ, ಬಾಯಿಗೆ ಬಂದದ್ದನ್ನು ಜೋಡಿಸಿ ಹಾಡಿದ. ಅವರು ಅರ್ಧಕ್ಕೇ ಎದ್ದು ಹೋದರು. ಆದರೆ ಮುಂದಿನ ಮನೆಯ ಕದ ಆಗಲೇ ತೆರೆದಿರುತ್ತಿತ್ತು. ಹೊಟ್ಟೆ ತುಂಬಿತು. ತನ್ನ ಕೂಗಿಗೆ ಇಡೀ ಓಣಿ ಎದ್ದು ಬರುವುದನ್ನು ನೋಡಿ ಅವನಿಗೆ ಕೊಂಬು ಬಂತು. ಆ ಊರಿನಲ್ಲೇ ಬಿಡಾರ ಹೂಡಿ ದಿನವೂ ಓಣಿ ಓಣಿ ಕೂಗಿದ.

ಒಂದು ಓಣಿಯ ಕೊನೆಯ ಮನೆಯ ಮುಂದೆ ಒಬ್ಬ ಸೊಸೆ ನಿಂತಿರುತ್ತಿದ್ದಳು. ಹಾಡುಗಾರ ಬರುವುದು ಕಂಡರೆ ಹೊಸ್ತಿಲು ದಾಟಿ ಈಚೆಗೆ ಬರುತ್ತಿದ್ದಳು. ಅವನು ಬಾಯಿ ತೆರೆದು ಕೂಗಿದೊಡನೆ ಒಳಗೆ ಹೋಗಿ ಕದ ಹಾಕಿಕೊಳ್ಳುತ್ತಿದ್ದಳು. ದಿನವೂ ಇದೇ ಆಯಿತು. ಯಾಕಿಷ್ಟು ಬಿಂಕ ಇವಳಿಗೆ ಎಂದುಕೊಂಡು ಹಾಡುಗಾರ ತಿರುಗಿ ನೋಡದೆ ಮುಂದೆ ನಡೆಯುತ್ತಿದ್ದ. ತೆರೆದ ಕದಗಳಿಗೇ ಬಿಡುವಿಲ್ಲದಾಗ ಮುಚ್ಚಿದ ಕದದ ಚಿಂತೆ ಯಾರಿಗೆ?

ಅವನಿಗೆ ಗೊತ್ತಿರಲಿಲ್ಲ, ಕೇಳುವ ನಮಗೆ ಗೊತ್ತಿರಲಿ. ಆ ಮನೆಯೊಳಗೆ ಅತ್ತೆ ಹಾಸಿಗೆ ಹಿಡಿದಿದ್ದಳು. ಇನ್ನು ಏಳುವುದಿಲ್ಲ ಎಂದು ಎಲ್ಲರಿಗೂ ತಿಳಿದಿತ್ತು, ಅವಳಿಗೂ ತಿಳಿದಿತ್ತು. ಅವಳಿಗೆ ಒಂದೇ ಆಸೆ. ಸಣ್ಣವಳಿದ್ದಾಗ ತವರಿನಲ್ಲಿ ಅವಳ ತಾಯಿ ಕುಟ್ಟುವಾಗ ಹಾಡುತ್ತಿದ್ದ ಹಾಡನ್ನು ಕೊನೆಯವರೆಗೆ ಒಮ್ಮೆ ಕೇಳಬೇಕು. ಗಂಡನ ಮನೆಯಿಂದ ತವರಿಗೆ ಹೊರಟ ಮಗಳು ದಾರಿ ತಪ್ಪುತ್ತಾಳೆ. ಹಳ್ಳವನ್ನು ದಾರಿ ಕೇಳುತ್ತಾಳೆ, ಬನ್ನಿಯ ಮರವನ್ನು ಕೇಳುತ್ತಾಳೆ. ಅತ್ತೆಗೆ ಅಲ್ಲಿಯವರೆಗೆ ನೆನಪಿತ್ತು. ಬನ್ನಿಯ ಮರ ಏನು ಹೇಳಿತು ಎಂಬುದು ಮರೆತುಹೋಗಿತ್ತು. ಅಲ್ಲಿಗೆ ಬಂದು ನಿಂತು, ಮುಂದೇನು ಎಂದು ಸೊಸೆಯ ಮುಖ ನೋಡುತ್ತಿದ್ದಳು. ಸೊಸೆಗೆ ಆ ನೋಟ ತಡೆಯಲಾಗುತ್ತಿರಲಿಲ್ಲ. ತವರಿನ ದಾರಿ ಕೇಳುವ ಹಾಡು ಯಾರಿಗಾದರೂ ಬರುತ್ತದೆಯೇ ಎಂದು ಊರೆಲ್ಲ ವಿಚಾರಿಸಿದ್ದಳು. ಯಾರಿಗೂ ಬರುತ್ತಿರಲಿಲ್ಲ. ಹೊರಗಿನಿಂದ ಬಂದ ಹಾಡುಗಾರನ ಬಳಿ ಇದ್ದೀತೆಂದು ಆಸೆಯಿಂದ ಹೊಸ್ತಿಲು ದಾಟುತ್ತಿದ್ದಳು. ಮದುವೆ ಹಾಡೆಂದು ಕೇಳಿ ಒಳಗೆ ಹೋಗುತ್ತಿದ್ದಳು.

ಮದುವೆಗಳು ಮುಗಿದವು, ಹಾಡುಗಾರ ಊರು ಬಿಟ್ಟು ಹೊರಟ. ಊರಾಚೆ ಒಂದು ಹಳ್ಳ. ಮೈಕೈ ತೊಳೆದು, ಬಂಡೆಯ ಮೇಲೆ ಒದ್ದೆ ಪಂಚೆ ಹರವಿ ಕೂತ. ಇಷ್ಟು ದಿನ ಎರಡು ಹಾಡನ್ನೇ ಜಗಿದು ಜಗಿದು ಉಳಿದವು ಮರೆತಿವೆಯೇನೋ ಎಂದು ಭಯವಾಯಿತು. ಓಣಿಯಲ್ಲಿ ಹಾಡಬಾರದು, ಹಳ್ಳದ ದಂಡೆಯಲ್ಲಿ ಹಾಡಿದರೆ ಕೇಳುವವರು ಯಾರು? ಗುರು ಮೊಟ್ಟಮೊದಲು ಕಲಿಸಿದ ಹಾಡನ್ನು ಎತ್ತಿಕೊಂಡ. ಮಗಳು ಹಳ್ಳವನ್ನು ದಾರಿ ಕೇಳಿದಳು. ಬನ್ನಿಯ ಮರವನ್ನು ಕೇಳಿದಳು. ನಿನ್ನವ್ವ ಇಲ್ಲೇ ಕೂತು ದಾರಿ ಕಾಯ್ದು ಈಗಷ್ಟೇ ಎದ್ದು ಹೋದಳು ಎಂದು ಬನ್ನಿಯ ಮರ ಹೇಳಿತು.

ಯಾರೋ ಹಿಂದೆ ನಿಂತಂತಾಗಿ ಅವನು ತಿರುಗಿ ನೋಡಿದ. ಕೊನೆಯ ಮನೆಯ ಸೊಸೆ. ಅವಳ ಕೈಯಲ್ಲಿ ಒಗೆಯಲು ತಂದ ಸೀರೆ, ಕೌದಿ ಇದ್ದವು. ಸತ್ತವರ ಬಟ್ಟೆಯನ್ನು ಊರೊಳಗಿನ ಬಾವಿಯಲ್ಲಿ ಒಗೆಯುವುದಿಲ್ಲ, ಹಳ್ಳಕ್ಕೇ ತರುತ್ತಾರೆ.

“ಈ ಹಾಡು ನಿಮ್ಮ ಕಡೆ ಇತ್ತೇನ್ರಿ?” ಎಂದಳು. “ನಮ್ಮತ್ತಿ ಇದಕ್ಕಂತನ ಜೀವ ಹಿಡಕೊಂಡಿದ್ರು. ನಿನ್ನೆ ಹೋದ್ರು.”

ತಪ್ಪು ತನ್ನದಲ್ಲ ಎಂದು ಹೇಳಿಕೊಳ್ಳಬೇಕೆಂದು ಹಾಡುಗಾರನಿಗೆ ಅನ್ನಿಸಿತು. “ನಾ ದಿನಾ ನಿಮ್ಮ ಓಣಿಗೆ ಬರತಿದ್ನಲ್ಲವ್ವ. ಒಂದ ಮಾತು ಕರದಿದ್ರ ಬರತಿದ್ದೆ.”

“ಮದುವಿ ಹಾಡು ಅಂತ ಕೂಗಾಂವನ್ನ ಸಾಯೋರ ಮನಿಗೆ ಹೆಂಗ ಕರೀಲಿ?”

ಏನೆಂದು ಕೂಗಿದ್ದರೆ ಕರೆಯುತ್ತಿದ್ದೆ ತಾಯಿ ಎಂದು ಹಾಡುಗಾರ ಕೇಳಿದ.

“ತವರಿನ ದಾರಿ ಹಾಡು ಅಂದಿದ್ರ ಸಾಕಿತ್ತು,” ಎಂದಳು. “ನಾ ಊರ ತುಂಬ ಹಂಗ ಕೇಳಕೋತ ಅಡ್ಡಾಡೇನಿ. ನೀವು ಕೂಗೋದು ಒಂದ ಗಳಿಗಿ ನಿಲ್ಲಿಸಿದ್ರ ನಿಮಗೂ ಕೇಳಸತಿತ್ತು.”

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಹಾಡುಗಾರನಿಗೆ ಇಷ್ಟು ನೋವಾಗುತ್ತಿರಲಿಲ್ಲ. ಅವಳು ಬಟ್ಟೆ ಕೆಳಗಿಟ್ಟು ಕೂತು, ಬನ್ನಿಯ ಮರ ಹೇಳಿದ್ದನ್ನು ಇನ್ನೊಮ್ಮೆ ಹಾಡಿರೆಂದಳು. ಅವನು ಹಾಡಿದ. ಅವಳು ಅತ್ತಳು. ಹಾಡುಗಾರನೂ ಅತ್ತ. ಆಮೇಲೆ ಅವಳು ಬಟ್ಟೆ ಒಗೆಯಲು ನೀರಿಗಿಳಿದಳು. ಅವನು ತನ್ನ ದಾರಿ ಹಿಡಿದ.

ಅಂದಿನಿಂದ ಯಾವ ಊರು ಹೊಕ್ಕರೂ ಅವನು ಮೊದಲು ಕೂಗುತ್ತಿರಲಿಲ್ಲ. ನೀರು ಸೇದುವ ಕಡೆ ಹೋಗಿ ಸುಮ್ಮನೆ ಕೂರುತ್ತಿದ್ದ. ಯಾರ ಕೂಸು ಮಲಗುತ್ತಿಲ್ಲ, ಯಾರು ಯಾರ ಮೇಲೆ ಮುನಿದಿದ್ದಾರೆ ಎಂಬ ಮಾತುಗಳು ಕೊಡ ತುಂಬುವುದರೊಳಗೆ ಕಿವಿಗೆ ಬೀಳುತ್ತಿದ್ದವು. ಆಮೇಲೆ ಎದ್ದು, ಅವರು ಆಡಿದ ಮಾತನ್ನೇ ಎತ್ತಿಕೊಂಡು, ಮಲಗದ ಕೂಸಿನ ಹಾಡಿದೆ ಎಂದು ಓಣಿಯಲ್ಲಿ ಕೂಗುತ್ತಿದ್ದ. ಇಲ್ಲದ ಹಾಡಿನ ಹೆಸರನ್ನು ಮತ್ತೆಂದೂ ಕೂಗಲಿಲ್ಲ.

ಮಾಸ್ತರರು ಕತೆ ನಿಲ್ಲಿಸಿದರು. ನೀಲಗಂಗಾಳ ಕಣ್ಣು ಒದ್ದೆಯಾಗಿತ್ತು. ಆದರೆ ಮನಸ್ಸು ಇನ್ನೂ ಪೂರ್ತಿ ಸೋತಿರಲಿಲ್ಲ. “ಹಂಗ ಕೂಗಿದ ಮ್ಯಾಲೆ ಮೊದಲಿನಷ್ಟ ಮಂದಿ ಕದಾ ತಗೀತಿದ್ರೇನ್ರಿ?” ಎಂದು ಕೇಳಿದಳು.

“ಇಲ್ಲ,” ಎಂದರು ಮಾಸ್ತರರು. “ಓಣಿಗೆ ಒಂದ ಮನಿ. ಕೆಲವು ಓಣ್ಯಾಗ ಅದೂ ಇಲ್ಲ.”

ನೀಲಗಂಗಾ ಫೋನನ್ನು ಅವರ ಮುಂದೆ ಹಿಡಿದಳು. “ನೋಡ್ರಿ ಗುರುಗಳೇ, ಒಂದ ಹಾಡಿಗೆ ಸಾವಿರಗಟ್ಟಲೆ ಮಂದಿ ಬಂದಾರ. ಎಲ್ಲಾ ಇದರಾಗ ತೋರಸತೈತಿ.”

ಮಾಸ್ತರರು ಫೋನನ್ನು ಕೈಗೆ ತೆಗೆದುಕೊಂಡು, ಕನ್ನಡಕ ಸರಿಮಾಡಿಕೊಂಡು ನೋಡಿದರು. ನೋಡಿ ಅವಳ ಕೈಗೇ ಮರಳಿ ಕೊಟ್ಟರು.

“ನಿನ್ನ ಕೂಗ ಕೇಳಿ ಕದಾ ಹಾಕ್ಕೊಂಡೋರು ಯಾರು ಅಂತ ಇದರಾಗ ತೋರಸತೈತೇನವ್ವ?” ಎಂದರು.