ಗುಳಿಗಿ ಆತೇನು?

ಮಲಪ್ರಭೆಯ ದಂಡೆಯ ಆಶ್ರಮದಲ್ಲಿ ಇಂದುಧರನೆಂಬ ಶಿಷ್ಯನಿದ್ದ. ವಿಜ್ಞಾನ ಓದಿ ಬಂದವನು. ವಯಸ್ಸಾದವರು ಗುಳಿಗಿ ಮರೆಯಬಾರದೆಂದು ಒಂದು ರೋಬೋ ಮಾಡಿದ್ದ.

ಮೊಳಕಾಲೆತ್ತರ, ನಾಲ್ಕು ಗಾಲಿ, ತಲೆಯ ಮೇಲೊಂದು ಗುಳಿಗಿಯ ತಟ್ಟೆ. ಬೆಳಗಿನ ಪ್ರಾರ್ಥನೆ ಮುಗಿದೊಡನೆ ಅದು ಬಾಳವ್ವನ ಕೋಣೆಗೆ ಉರುಳುತ್ತಿತ್ತು. ಬಾಳವ್ವ ಆಶ್ರಮದ ಅಡುಗೆ ಮಾಡುತ್ತಲೇ ಮುದುಕಿಯಾದವಳು. ಅವಳಿಗೆ ಬಿ.ಪಿ. ಇತ್ತು.

"ಎವ್ವಾ, ಗುಳಿಗಿ ಆತೇನು?" ರೋಬೋ ಕೇಳುತ್ತಿತ್ತು. ದನಿಯೂ ಇಂದುಧರನದೇ.

ತಟ್ಟೆ ಖಾಲಿಯಾಗಿ, "ಆತಪ್ಪಾ" ಎಂದು ಕೇಳಿಸಿದರೆ ಅದು ಹಿಂದಿರುಗಬೇಕು. ಇಲ್ಲದಿದ್ದರೆ ಇಂದುಧರನನ್ನು ಕರೆಯಬೇಕು. ಒಮ್ಮೆಯೂ ಕರೆದಿರಲಿಲ್ಲ.

ಒಂದು ಮುಂಜಾನೆ ಊರಿನ ಡಾಕ್ಟರು ಬಂದರು. ಬಾಳವ್ವನ ತೋಳಿಗೆ ಪಟ್ಟಿ ಸುತ್ತಿ ನೋಡಿದರು. ಬಿಚ್ಚಿ, ಮತ್ತೆ ಸುತ್ತಿ ನೋಡಿ ಇಂದುಧರನ ಕಡೆ ತಿರುಗಿದರು.

"ಬಿ.ಪಿ. ಭಾಳ ಏರೈತಿ. ಗುಳಿಗಿ ತಗೋತಾಳೇನಪಾ?"

"ದಿನಾ ತಗೋತಾಳ್ರಿ. ರೋಬೋ ಬಿಡಂಗೇ ಇಲ್ಲ."

"ಹಂಗಾದ್ರ ಇದು ಸಾಲವಲ್ದು. ಸಂಜೀಕ ಇನ್ನೂ ಜೋರಿನ ಗುಳಿಗಿ ಕಳಸ್ತೀನಿ. ಆದರ ಖಾತ್ರಿ ಮಾಡ್ಕೋ. ಇದನ್ನ ನುಂಗದಾಕಿ ಒಮ್ಮೆಲೇ ಅದನ್ನ ನುಂಗಿದ್ರ ತಲಿ ತಿರುಗಿ ಬೀಳ್ತಾಳ. ಈ ವಯಸ್ಸಿನಾಗ ಬಿದ್ರ ಏಳೂದು ಕಷ್ಟ."

ಇಂದುಧರ ರೋಬೋವನ್ನು ಬಿಚ್ಚಿದ. ಗಾಲಿ ಸರಿ, ತಟ್ಟೆ ಸರಿ, ಕಿವಿ ಸರಿ. ಮತ್ತೆ ಜೋಡಿಸಿದ. ತಪ್ಪು ಸಿಗಲಿಲ್ಲ. ಯಂತ್ರ ಸರಿಯಿದ್ದರೆ ಬಿ.ಪಿ. ಏರಿದ್ದೇಕೆ? ಬಿ.ಪಿ. ನಿಜವಾದರೆ ಗುಳಿಗಿ ಹೋಗಿದ್ದೆಲ್ಲಿ? ಊಟದ ಗಂಟೆ ಬಾರಿಸಿದ್ದು ಅವನಿಗೆ ಕೇಳಿಸಲೇ ಇಲ್ಲ.

ಕೊನೆಗೆ ಗುರುಗಳ ಬಳಿ ಬಂದ. ಅವರು ಪಡಸಾಲೆಯಲ್ಲಿ ಕೂತಿದ್ದರು. ಮುಂದೆ ಊಟದ ಎರಡು ಗಂಗಾಳಗಳು, ಎರಡಕ್ಕೂ ಮುಚ್ಚಳ.

"ಅಪ್ಪಾರ, ಯಂತ್ರ ಸುಳ್ಳೋ ಮೈ ಸುಳ್ಳೋ, ತಿಳೀವಲ್ದು."

"ಊಟ ಆತೇನು?"

"ಆತ್ರೀ ಅಪ್ಪಾರ."

ಗುರುಗಳು ಒಂದು ಗಂಗಾಳವನ್ನು ಎತ್ತಿ ಬೆನ್ನ ಹಿಂದೆ ಸರಿಸಿದರು. "ಹಂಗಾದ್ರ ಹೋಗಿ ಬಾ."

"ನನ್ನ ಪ್ರಶ್ನೆ, ಅಪ್ಪಾರ?"

"ಕೇಳಿದ್ನಲ್ಲ. ನೀನೂ ಹೇಳಿದಿ."

ಇಂದುಧರನಿಗೆ ಏನೂ ಹೊಳೆಯಲಿಲ್ಲ. ಹೊಳೆಯ ಮೆಟ್ಟಿಲ ಮೇಲೆ ಹೋಗಿ ಕೂತ. ಎಣ್ಣೆಗಾಯಿಯ ವಾಸನೆ ಅಲ್ಲಿಯವರೆಗೂ ಬೆನ್ನು ಹತ್ತಿತ್ತು. ಹೊಟ್ಟೆ ಗುರುಗುಟ್ಟಿತು. ಬೆಳಗಿನಿಂದ ಹನಿ ನೀರೂ ಕುಡಿದಿಲ್ಲ. ಮತ್ತೆ ಆತು ಎಂದೆನೇಕೆ? ಸುಳ್ಳು ಹೇಳಬೇಕೆಂದಂತೂ ಹೇಳಿರಲಿಲ್ಲ. ಹಿರಿಯರು ಕೇಳಿದರು, ಬಾಯಿ ತಾನಾಗಿ ಹೇಳಿತು. ಅವರಿಗೇಕೆ ತೊಂದರೆ ಎಂದು.

ತಟ್ಟನೆ ಎದ್ದು ಬಾಳವ್ವನ ಕೋಣೆಗೆ ನಡೆದ.

"ಎವ್ವಾ, ಇವತ್ತಿನ ಗುಳಿಗಿ ಆತೇನು?"

"ಆತಪ್ಪಾ. ನಿಂದು ಊಟ ಆತೇನು?"

"ಇಲ್ಲಬೇ. ಹಸದೀನಿ."

ಬಾಳವ್ವ ಅವನ ಮುಖವನ್ನೇ ನೋಡಿದಳು. ಆಮೇಲೆ ಗೋಡೆಯ ಮಾಡದಿಂದ ಸಾಸಿವೆ ಡಬ್ಬಿ ಇಳಿಸಿ ಮುಚ್ಚಳ ತೆಗೆದಳು. ಸಾಸಿವೆಯ ಮೇಲೆ ಬಿಳಿ ಗುಳಿಗಿಗಳು ತುಂಬಿಕೊಂಡಿದ್ದವು.

"ಎಲ್ಲಾರ ಊಟ ಆಗದ ನಾ ಎಂದೂ ಬಾಯಾಗ ಏನೂ ಹಾಕ್ಕೊಂಡಿಲ್ಲೋ. ಆಮ್ಯಾಲ ತಗೊಂಡ್ರಾತು ಅಂತ ಇಡ್ತೀನಿ. ಆಮ್ಯಾಲ ಮರೀತೀನಿ."

"ಮತ್ತ ರೋಬೋಕ್ಕ ಆತು ಅಂತ ಯಾಕ ಹೇಳ್ತಿ?"

"ಬಾಗಲಿಗೆ ಬಂದು ಕೇಳೂದಕ್ಕ ಇಲ್ಲ ಅನ್ನೂದು ಹೆಂಗ? ಅದರ ದನಿ ಬ್ಯಾರೆ ನಿಂದೇ." ಬಾಳವ್ವ ದನಿ ತಗ್ಗಿಸಿದಳು. "ನಿಂದಾತೇನು ಅಂತ ನಾನೂ ಅದನ್ನ ದಿನಾ ಕೇಳ್ತೀನಿ. ತುಟಿ ಪಿಟಕ್ಕನ್ನಂಗಿಲ್ಲ. ಅದಕ್ಕ ತಿನ್ನಾಕ ಏನರೆ ಹಾಕ್ತೀಯೋ, ಉಪಾಸ ಕೆಡವೀಯೋ?"

ಇಂದುಧರ ಡಾಕ್ಟರಿಗೆ ಫೋನ್ ಮಾಡಿದ. ಜೋರಿನ ಗುಳಿಗಿ ಬರುವುದು ತಪ್ಪಿತು. ಹಳೆಯದನ್ನೇ ಊಟದ ಜೊತೆ ಕೊಡು ಎಂದರು.

ಅವನು ಗುರುಗಳ ಬಳಿ ಓಡಿದ.

"ಸಿಕ್ತ್ರಿ ಅಪ್ಪಾರ. ರೋಬೋಕ್ಕ ಕ್ಯಾಮೆರಾ ಹಚ್ತೀನಿ. ಬಾಯಿ ತೆರಸಿ ನೋಡ್ತೈತಿ. ನಾಲಿಗಿ ಕೆಳಗ ಸೈತ."

"ಮಧ್ಯಾಹ್ನ ನಾ ನಿನ್ನ ಬಾಯಿ ತೆರಸಿ ನೋಡಬೇಕಾಗಿತ್ತೇನು?"

ಇಂದುಧರ ತಲೆ ತಗ್ಗಿಸಿದ. ಸಿಕ್ಕಿತೆಂದುಕೊಂಡದ್ದು ಮತ್ತೆ ಕೈ ಜಾರಿತ್ತು.

"ಮತ್ತ ಅದಕ್ಕ ಏನು ಕಲಸ್ಲಿ ಅಪ್ಪಾರ? ಕೇಳಿದ್ರ ಆತು ಅಂತಾರ. ಕೇಳದಿದ್ರ ಮರೀತಾರ."

ಗುರುಗಳು ಬೆನ್ನ ಹಿಂದಿನ ಗಂಗಾಳವನ್ನು ಅವನ ಮುಂದೆ ತಂದಿಟ್ಟರು. ಎರಡರ ಮುಚ್ಚಳವನ್ನೂ ತೆಗೆದರು. ಎರಡರಲ್ಲೂ ರೊಟ್ಟಿ ಮುರಿದಿರಲಿಲ್ಲ. ಅವರ ಗಂಗಾಳದ ಬದಿಗೆ, ಕಾಗದದ ಚೂರಿನ ಮೇಲೆ, ಒಂದು ಗುಳಿಗಿ ಇತ್ತು.

ಗುರುಗಳಿಗೂ ಗುಳಿಗಿ ಉಂಟೆಂದು ಅವನಿಗೆ ಗೊತ್ತೇ ಇರಲಿಲ್ಲ. ಹೊತ್ತು ಆಗಲೇ ಹೊಳೆಯಾಚೆ ಇಳಿದಿತ್ತು.

"ಅಪ್ಪಾರ, ನೀವು ಇನ್ನೂ..."

"ನಂದೂ ಆಗಿಲ್ಲೋ ಹುಡುಗಾ. ಕುಂದ್ರು."