ಹಿತ್ತಲ ಬಾಗಿಲಿನ ಸಾಕ್ಷಿ

ಕಂಟ್ರಾಕ್ಟರ್ ಮರುಳಪ್ಪನವರ ಮನೆಯಲ್ಲಿ ಬೆಳ್ಳಿ ತಟ್ಟೆ ಕಾಣೆಯಾಯಿತು.

"ಯಾವ ಬಾಗಿಲೂ ತೆರೆದಿಲ್ಲ ಅಂತ ಸೆನ್ಸರ್ ಹೇಳ್ತಿದೆ. ಅಂದ್ಮೇಲೆ ಕಳ್ಳಿ ಒಳಗೇ ಇದ್ದಾಳೆ. ಪೊಲೀಸರು ಬರ್ತಿದ್ದಾರೆ!" ಎಂದು ಅವರು ಬಾಗಿಲ ಸೆನ್ಸರುಗಳ ಸುದ್ದಿ ತೋರಿಸುವ ಫೋನು ಝಳಪಿಸಿದರು.

ಆ ಮಾತು ಅಡುಗೆಯ ಸಣ್ಣಮ್ಮನಿಗೇ ತಾಗುವಂತಿತ್ತು. ಅವಳು ಅಡುಗೆಮನೆ ಸೇರಿದಳು. ಹಿತ್ತಲ ಬಾಗಿಲ ಸೆನ್ಸರು ಮೊದಲೆಲ್ಲ ಬಾಗಿಲು ತೆರೆದರೆ ಮಿಣುಕುತ್ತಿತ್ತು. ಈಚೆಗೆ ಮಿಣುಕಿದ್ದೇ ಇಲ್ಲವಲ್ಲ!

ಸ್ವಲ್ಪ ಹೊತ್ತಿಗೆ ಮುಂಬಾಗಿಲ ಬೆಲ್ ಆಯಿತು. ಪೊಲೀಸರೆಂದು ಮರುಳಪ್ಪನವರು ತೆರೆದರೆ, ಹೊರಗೆ ಸಣ್ಣಮ್ಮ!

"ಹಿತ್ತಲ ಬಾಗಿಲು ತೆಗೆದು ಬಂದೆ ಯಜಮಾನ್ರೆ. ಫೋನು ಏನನ್ನುತ್ತೆ?"

ಹಿತ್ತಲ ಬಾಗಿಲು ಮುಚ್ಚಿದೆ ಎಂದೇ ಫೋನು ತೋರಿಸುತ್ತಿತ್ತು. ಕೆಳಗೆ, ಅವರು ತಿಂಗಳಿಂದ ಓದದೆ ಸರಿಸುತ್ತಿದ್ದ ಎಚ್ಚರಿಕೆ: ಹಿತ್ತಲ ಸೆನ್ಸರ್‌ನ ಬ್ಯಾಟರಿ ಮುಗಿದಿದೆ. ಯಜಮಾನರು ಝಳಪಿಸಿದ್ದ ಫೋನನ್ನು ಮೆಲ್ಲಗೆ ಕೆಳಗಿಳಿಸಿದರು.

"ಸತ್ತವನ ಸಾಕ್ಷಿ ನಂಬಿ, ಬದುಕಿದ್ದವಳನ್ನ ಜೈಲಿಗೆ ಕಳಿಸ್ತಿದ್ರಲ್ಲ ಸ್ವಾಮಿ!" ಎಂದಳು ಸಣ್ಣಮ್ಮ.